ಮೆಗಾಪಿಕ್ಸೆಲ್ ಓಟ ನಿಂತ ವರ್ಷ

2009ರ ಆಗಸ್ಟ್‌ನಲ್ಲಿ ಕ್ಯಾನನ್ ಕಂಪನಿ ಪವರ್‌ಶಾಟ್ ಜಿ11 ಎಂಬ ಸಣ್ಣ ಕ್ಯಾಮೆರಾವನ್ನು ಹೊರತಂದಿತು. ಅದರ ಹಿಂದಿನ ಮಾದರಿ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಹೊಸದರಲ್ಲಿ ಇದ್ದದ್ದು 10 ಮಾತ್ರ. ಡಿಜಿಟಲ್ ಕ್ಯಾಮೆರಾದ ವ್ಯಾಪಾರದಲ್ಲಿ ಹಾಗೆ ನಡೆದದ್ದು ಅಪರೂಪ. ಇದೇ ಜಿ ಸರಣಿಯನ್ನು ನೋಡಿದರೆ ಸಾಕು: 2000ದ ಜಿ1ರಲ್ಲಿ 3.3, 2004ರ ಜಿ6ರಲ್ಲಿ 7.1, 2006ರ ಜಿ7ರಲ್ಲಿ 10, 2007ರ ಜಿ9ರಲ್ಲಿ 12.1. ಹೀಗೆ ಏರುತ್ತಲೇ ಬಂದ ಅಂಕಿಯನ್ನು ಜಗತ್ತಿನ ದೊಡ್ಡ ಕ್ಯಾಮೆರಾ ಕಂಪನಿಯೊಂದು ತಾನಾಗಿ ಇಳಿಸಿತು. ಎಂಜಿನಿಯರುಗಳಿಗೆ ಕೊನೆಗೂ ವಿವೇಕ ಬಂತು ಎಂದು ಇದನ್ನು ವಿವರಿಸುವುದುಂಟು. ಆ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಎಂಜಿನಿಯರುಗಳಿಗೆ ವಿಷಯ ಮೊದಲೇ ಗೊತ್ತಿತ್ತು. ಬದಲಾದದ್ದು ಕೊಳ್ಳುವವರು ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ರೀತಿ. ಅದು ಬದಲಾದ ಕಡೆ ಮಾತ್ರ ಕ್ಯಾಮೆರಾವೂ ಬದಲಾಯಿತು.

ಫಿಲ್ಮಿನ ಕಾಲದಲ್ಲಿ ಈ ಅಂಕಿಯ ಪ್ರಶ್ನೆಯೇ ಇರಲಿಲ್ಲ. ವಡೋದರಾದಲ್ಲಿ ತಯಾರಾಗಿ ನಮ್ಮ ಎಷ್ಟೋ ಮನೆಗಳಿಗೆ ಬಂದ ಅಗ್ಫಾ ಕ್ಲಿಕ್ III ಎಂಬ ಅಗ್ಗದ ಕ್ಯಾಮೆರಾಕ್ಕೆ ಹಾಕುತ್ತಿದ್ದ 120 ರೋಲನ್ನೇ ದುಬಾರಿ ರೋಲೈಫ್ಲೆಕ್ಸಿಗೂ ಹಾಕಬಹುದಿತ್ತು. ಎರಡರಲ್ಲೂ ಚಿತ್ರ ಮೂಡುವ ಹಾಳೆ ಒಂದೇ ಆದ್ದರಿಂದ ಹೋಲಿಕೆ ಮಾಡಬೇಕಿದ್ದದ್ದು ಲೆನ್ಸು, ಶಟರು, ಫೋಕಸಿನ ವ್ಯವಸ್ಥೆ, ಕಟ್ಟಿನ ಗಟ್ಟಿತನ ಇವುಗಳನ್ನು. ಡಿಜಿಟಲ್ ಬಂದಾಗ ಫಿಲ್ಮು ಸೆನ್ಸರಿನ ರೂಪದಲ್ಲಿ ಕ್ಯಾಮೆರಾದ ಒಳಗೇ ಕಾಯಂ ಕೂತುಬಿಟ್ಟಿತು, ಅದರ ಗುಣ ಕ್ಯಾಮೆರಾದ ಗುಣವೇ ಆಯಿತು. ಮೊದಮೊದಲು ಆ ಗುಣವನ್ನು ಬಿಂದುಗಳ ಲೆಕ್ಕದಲ್ಲಿ ಅಳೆದದ್ದು ತಪ್ಪೂ ಆಗಿರಲಿಲ್ಲ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು 10,000 ಬಿಂದುಗಳಿದ್ದವು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. 1995ರಲ್ಲಿ ಹಿಂಬದಿಗೆ ಪುಟ್ಟ ಪರದೆ ಅಂಟಿಸಿಕೊಂಡು ಬಂದ ಕ್ಯಾಸಿಯೊ ಕ್ಯೂವಿ-10ರ ಚಿತ್ರ 320ಕ್ಕೆ 240 ಬಿಂದುಗಳದು. ಅದನ್ನು ಕಾಗದದ ಮೇಲೆ ಮುದ್ರಿಸಿದರೆ ಅಂಚೆಚೀಟಿಗಿಂತ ಹೆಚ್ಚು ದೊಡ್ಡದಾಗಿ ನೋಡುವಂತಿರಲಿಲ್ಲ. ಅಂಥ ಕಾಲದಲ್ಲಿ ಒಂದಕ್ಕಿಂತ ಎರಡು ಮೆಗಾಪಿಕ್ಸೆಲ್, ಎರಡಕ್ಕಿಂತ ಮೂರು ನಿಜವಾಗಿಯೂ ಮೇಲು. ಅಂಗಡಿಯಲ್ಲಿ ಆ ಒಂದು ಅಂಕಿಯನ್ನು ಕೇಳಿ ತೀರ್ಮಾನಿಸುವ ಅಭ್ಯಾಸ ಹುಟ್ಟಿದ್ದು ಹೀಗೆ, ಸಕಾರಣವಾಗಿ.

ಕಾರಣ ತೀರಿಹೋದ ಮೇಲೂ ಅಭ್ಯಾಸ ಉಳಿಯಿತು. ಸ್ಟುಡಿಯೋಗಳಲ್ಲಿ ಎಲ್ಲರೂ ಹಾಕಿಸುವ 4×6 ಇಂಚಿನ ಪ್ರಿಂಟನ್ನು ತೆಗೆದುಕೊಳ್ಳಿ. ಒಂದು ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೆ 1800ಕ್ಕೆ 1200 ಬಿಂದು ಸಾಕು, ಅಂದರೆ ಸುಮಾರು 2.2 ಮೆಗಾಪಿಕ್ಸೆಲ್. 10 ಮೆಗಾಪಿಕ್ಸೆಲ್‌ನಲ್ಲಿ 12×9 ಇಂಚಿನ ಪ್ರಿಂಟು ಅದೇ ಸೂಕ್ಷ್ಮತೆಯಲ್ಲಿ ಬರುತ್ತದೆ. ಗೋಡೆಗೆ ತೂಗುಹಾಕಿ ನಾಲ್ಕು ಅಡಿ ದೂರದಿಂದ ನೋಡುವ ಪ್ರಿಂಟಿಗೆ ಅಷ್ಟು ಸೂಕ್ಷ್ಮತೆಯೂ ಬೇಡ. ಇನ್ನೊಂದು ಲೆಕ್ಕವೂ ಇದೆ, ಜಾಹೀರಾತುಗಳು ಎಂದೂ ಹೇಳದ್ದು: ಬಿಂದುಗಳು ಉದ್ದಕ್ಕೂ ಅಡ್ಡಕ್ಕೂ ಹಂಚಿಹೋಗುವುದರಿಂದ 10ರಿಂದ 14.7ಕ್ಕೆ ಏರಿದಾಗ ಶೇ. 47ರಷ್ಟು ಹೆಚ್ಚಿದಂತೆ ಕಂಡರೂ ಒಂದು ಗೆರೆಯಲ್ಲಿ ಗುರುತಿಸಬಹುದಾದ ವಿವರ ಹೆಚ್ಚುವುದು ಶೇ. 21 ಮಾತ್ರ, ಅದೂ ಲೆನ್ಸು ಅಷ್ಟನ್ನು ಒದಗಿಸಿದರೆ. ಜೊತೆಗೆ ಅಂಕಿಯಲ್ಲೇ ಕೈಚಳಕ ನಡೆದದ್ದುಂಟು. 2000ದಲ್ಲಿ ಬಂದ ಫ್ಯೂಜಿಫಿಲ್ಮ್ ಫೈನ್‌ಪಿಕ್ಸ್ 4700ರ ಸೆನ್ಸರಿನಲ್ಲಿ 24 ಲಕ್ಷ ಬಿಂದುಗಳಿದ್ದವು, ಅದು ಕೊಡುತ್ತಿದ್ದ ಚಿತ್ರದಲ್ಲಿ 43 ಲಕ್ಷ. ನಡುವಿನ 19 ಲಕ್ಷ ಲೆಕ್ಕಾಚಾರದಿಂದ ತುಂಬಿದ್ದು. ಸೆನ್ಸರಿನ ಅಳತೆಯ ಕಥೆ ಇನ್ನೂ ವಿಚಿತ್ರ. ‘1/1.7 ಇಂಚು’ ಎಂದು ಬರೆದಿದ್ದರೆ ಅದು ಸುಮಾರು 15 ಮಿಲಿಮೀಟರ್ ಆಗಬೇಕು. ಆದರೆ ಆ ಸೆನ್ಸರಿನ ಮೂಲೆಯಿಂದ ಮೂಲೆಗೆ ಇರುವುದು 9.5 ಮಿಲಿಮೀಟರ್. ಹಳೆಯ ಟಿವಿ ಕ್ಯಾಮೆರಾಗಳಲ್ಲಿದ್ದ ಗಾಜಿನ ನಳಿಗೆಯ ಹೊರ ವ್ಯಾಸವನ್ನು ಹೇಳುವ ರೂಢಿ ನಳಿಗೆಗಳು ಹೋಗಿ ಎಷ್ಟೋ ವರ್ಷಗಳ ಮೇಲೂ ಉಳಿದುಕೊಂಡಿದೆ. ಚಿತ್ರದ ಗುಣವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವ ಅಳತೆಯೇ ಕೊಳ್ಳುವವರಿಗೆ ಅರ್ಥವಾಗದ ಭಿನ್ನರಾಶಿಯಲ್ಲಿ ಅಡಗಿದ್ದಾಗ, ಅರ್ಥವಾಗುವ ಅಂಕಿಯ ಹಿಂದೆ ಅವರು ಓಡಿದ್ದರಲ್ಲಿ ಆಶ್ಚರ್ಯವೇನು?

ತಯಾರಕರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ ಎನ್ನಲು ಅದೇ ಫ್ಯೂಜಿಫಿಲ್ಮ್ ಒಳ್ಳೆಯ ಸಾಕ್ಷಿ. 2006ರಲ್ಲಿ ಅದು ಫೈನ್‌ಪಿಕ್ಸ್ ಎಫ್30 ಎಂಬ 6.3 ಮೆಗಾಪಿಕ್ಸೆಲ್‌ನ ಕ್ಯಾಮೆರಾ ತಂದಿತು. ಮದುವೆ ಮನೆಯ ಮಂದ ಬೆಳಕಿನಲ್ಲೂ ಫ್ಲಾಶ್ ಇಲ್ಲದೆ ನೋಡುವಂಥ ಚಿತ್ರ ಕೊಡುವ ಸಣ್ಣ ಕ್ಯಾಮೆರಾ ಆಗ ಅದೊಂದೇ ಎಂದರೂ ನಡೆಯುತ್ತದೆ. ಅದೇ ವರ್ಷದ ಕೊನೆಗೆ ಬಂದ ಎಫ್31ಎಫ್‌ಡಿಯೂ ಹಾಗೆಯೇ. ಅದೇ ಹೊತ್ತಿಗೆ ನಿಕಾನ್ ತನ್ನ ಡಿ40 ಎಂಬ ಎಸ್‌ಎಲ್‌ಆರ್ ಅನ್ನು 6.1 ಮೆಗಾಪಿಕ್ಸೆಲ್‌ನಲ್ಲೇ ಮಾರುತ್ತಿತ್ತು. ಅದರ ಸೆನ್ಸರು ಸಾಮಾನ್ಯ ಜೇಬುಕ್ಯಾಮೆರಾದ ಸೆನ್ಸರಿಗಿಂತ ವಿಸ್ತೀರ್ಣದಲ್ಲಿ ಸುಮಾರು 15 ಪಟ್ಟು ದೊಡ್ಡದು. ಹೀಗಿದ್ದೂ 2007ರಲ್ಲಿ ಫ್ಯೂಜಿಫಿಲ್ಮ್ ಮೊದಲು 8.3, ಆಮೇಲೆ ಎಫ್50ಎಫ್‌ಡಿಯಲ್ಲಿ 12 ಮೆಗಾಪಿಕ್ಸೆಲ್‌ಗೆ ಹಾರಿತು. ಮಂದ ಬೆಳಕಿನ ಚಿತ್ರ ಕೆಟ್ಟಿತು, ಹಳೆಯ ಎಫ್31ಎಫ್‌ಡಿಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆಲೆ ಏರಿತು. ಒಳ್ಳೆಯದು ಯಾವುದೆಂದು ಬಲ್ಲ ಕಂಪನಿಯೇ ಅದನ್ನು ಬಿಟ್ಟುಕೊಟ್ಟದ್ದಕ್ಕೆ ನನಗೆ ಕಾಣುವ ಕಾರಣ ಒಂದೇ. ಅಂಗಡಿಯ ಕಪಾಟಿನಲ್ಲಿ 6 ಎಂಬ ಅಂಕಿ 10ರ ಪಕ್ಕ ನಿಂತು ಗೆಲ್ಲಲಾರದು.

ಹಾಗಾದರೆ ಮುಂದಿನ ಎರಡು ವರ್ಷಗಳಲ್ಲಿ ಆದದ್ದೇನು? 2008ರ ಜುಲೈನಲ್ಲಿ ಪ್ಯಾನಸೋನಿಕ್ ಲುಮಿಕ್ಸ್ ಎಲ್‌ಎಕ್ಸ್3 ಪ್ರಕಟವಾಯಿತು, ಸೆಪ್ಟೆಂಬರಿನಲ್ಲಿ ಕ್ಯಾನನ್ ಜಿ10. ಅಮೆರಿಕದಲ್ಲಿ ಎರಡಕ್ಕೂ ಬೆಲೆ ಹೆಚ್ಚುಕಡಿಮೆ 500 ಡಾಲರ್. ಎರಡರ ಸೆನ್ಸರೂ ಒಂದೇ ವರ್ಗದ್ದು. ಎರಡೂ ರಾ ಫೈಲು ಕೊಡುತ್ತಿದ್ದವು, ಎಲ್ಲ ಹತೋಟಿಯನ್ನೂ ಛಾಯಾಗ್ರಾಹಕನ ಕೈಗೆ ಬಿಡುತ್ತಿದ್ದವು. ಆದರೆ ಅದೇ ದುಡ್ಡನ್ನು ಎರಡು ಕಂಪನಿಗಳು ಬೇರೆ ಬೇರೆ ಕಡೆ ಸುರಿದಿದ್ದವು. ಕ್ಯಾನನ್ 14.7 ಮೆಗಾಪಿಕ್ಸೆಲ್ ಮತ್ತು 28ರಿಂದ 140 ಮಿಲಿಮೀಟರಿನ ಉದ್ದದ ಜೂಮ್ ಕೊಟ್ಟಿತು, ಲೆನ್ಸಿನ ಅಪರ್ಚರ್ ಎಫ್/2.8ರಿಂದ ಶುರು. ಪ್ಯಾನಸೋನಿಕ್ ತನ್ನ ಹಿಂದಿನ ಎಲ್‌ಎಕ್ಸ್2ರ 10.2ರಿಂದ ಮೇಲೇರದೆ 10.1ಕ್ಕೇ ನಿಂತಿತು. ಜೂಮ್ 24ರಿಂದ 60ಕ್ಕೇ ಮುಗಿಯುತ್ತಿತ್ತು, ಆದರೆ ಲೆನ್ಸು ಎಫ್/2.0. ಎಫ್/2.8ಕ್ಕೆ ಹೋಲಿಸಿದರೆ ಒಳಗೆ ಬರುವ ಬೆಳಕು ಎರಡು ಪಟ್ಟು. ಅಂದರೆ ಜಿ10 ಐಎಸ್‌ಒ 800ಕ್ಕೆ ಏರಿಸಿ ತೆಗೆಯಬೇಕಾದ ಚಿತ್ರವನ್ನು ಎಲ್‌ಎಕ್ಸ್3 ಅದೇ ಶಟರ್ ವೇಗದಲ್ಲಿ 400ರಲ್ಲಿ ತೆಗೆಯುತ್ತಿತ್ತು. ಸಣ್ಣ ಸೆನ್ಸರಿನಲ್ಲಿ ಆ ಒಂದು ಮೆಟ್ಟಿಲು ಮಗುವಿನ ಮುಖದ ಮೇಲಿನ ಚರ್ಮಕ್ಕೂ ಮೇಣಕ್ಕೂ ಇರುವ ವ್ಯತ್ಯಾಸ. ತಮಾಷೆಯೆಂದರೆ ಕ್ಯಾನನ್ ಈ ಬೆಳಕಿನ ಲೆನ್ಸನ್ನು ಒಮ್ಮೆ ತಾನೇ ಕೊಡುತ್ತಿತ್ತು: ಜಿ1ರಿಂದ ಜಿ6ರವರೆಗೆ ಎಲ್ಲವೂ ಎಫ್/2.0. ಮೆಗಾಪಿಕ್ಸೆಲ್ 10ಕ್ಕೆ ಮುಟ್ಟಿದ ಜಿ7ರಲ್ಲೇ ಲೆನ್ಸು ಎಫ್/2.8ಕ್ಕೆ ಕುಗ್ಗಿದ್ದು. ಮಡಚುವ ಪರದೆಯೂ ಆಗಲೇ ಹೋಯಿತು. ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಅಚ್ಚು ಹಾಕುವ ಗುಣ ಬೆಳೆಯಿತು, ಉಳಿದವು ಸೊರಗಿದವು.

ಈ ಎರಡನ್ನು ಹೋಲಿಸಿದವರ ಕೈಯಲ್ಲಿ ಹತ್ತು ವರ್ಷ ಹಿಂದಿನವರಿಗೆ ಇರದ ಸಾಧನವೊಂದಿತ್ತು. 1998ರ ಕೊನೆಗೆ ಫಿಲ್ ಆಸ್ಕಿ ಆರಂಭಿಸಿದ ಡಿಪಿರಿವ್ಯೂ ಮತ್ತು ಅದರಂಥ ವಿಮರ್ಶಾ ತಾಣಗಳು ಒಂದೇ ದೃಶ್ಯವನ್ನು, ಒಂದೇ ದೀಪದಲ್ಲಿ, ಒಂದೊಂದು ಐಎಸ್‌ಒ ಮೆಟ್ಟಿಲಲ್ಲೂ ತೆಗೆದು, ಚಿತ್ರದ ತುಣುಕುಗಳನ್ನು ಪೂರ್ಣ ಗಾತ್ರದಲ್ಲಿ ಅಕ್ಕಪಕ್ಕ ಇಡುವ ಕ್ರಮವನ್ನು ಬೆಳೆಸಿದ್ದವು. ಕ್ಯಾಮೆರಾ ಕೈಗೆ ಬರುವ ಮೊದಲೇ ಅದರ ಚಿತ್ರ ಕಣ್ಣಿಗೆ ಬರುತ್ತಿತ್ತು. ಆಗ 14.7 ಎಂಬುದು ತಾನೇ ತನ್ನನ್ನು ಸಮರ್ಥಿಸಿಕೊಳ್ಳಬೇಕಾಯಿತು, ಐಎಸ್‌ಒ 400 ದಾಟಿದ ಮೇಲೆ ಅದಕ್ಕೆ ಅದು ಕಷ್ಟವಾಯಿತು. ಎಲ್‌ಎಕ್ಸ್3 ಕೆಲವು ಕಾಲ ಅಂಗಡಿಗಳಲ್ಲಿ ಸಲೀಸಾಗಿ ಸಿಗದಷ್ಟು ಬೇಡಿಕೆ ಗಳಿಸಿತು. ಮರುವರ್ಷವೇ ಕ್ಯಾನನ್ 10 ಮೆಗಾಪಿಕ್ಸೆಲ್‌ಗೆ ಇಳಿಯಿತು. ಜಿ11ರ ಜೊತೆಗೇ ಬಂದ ಎಸ್90ಯಲ್ಲಿ ಲೆನ್ಸು ಎಫ್/2.0.

ಇಷ್ಟಕ್ಕೇ ಮುಗಿಸಿದರೆ ಜಿ10ಕ್ಕೆ ಅನ್ಯಾಯವಾಗುತ್ತದೆ. 2008ರಲ್ಲೇ ಕೆನಡಾದ ಛಾಯಾಗ್ರಾಹಕ ಮೈಕಲ್ ರೈಕ್‌ಮನ್ ಒಂದು ಪ್ರಯೋಗ ಮಾಡಿದರು. ಜಿ10ರ ಚಿತ್ರವನ್ನೂ, ಹತ್ತಾರು ಪಟ್ಟು ಬೆಲೆಯ ಹ್ಯಾಸಲ್‌ಬ್ಲಾಡ್‌ಗೆ 39 ಮೆಗಾಪಿಕ್ಸೆಲ್‌ನ ಫೇಸ್ ಒನ್ ಹಿಂಬದಿ ಜೋಡಿಸಿ ತೆಗೆದ ಅದೇ ದೃಶ್ಯವನ್ನೂ 13×19 ಇಂಚಿನ ಕಾಗದದಲ್ಲಿ ಮುದ್ರಿಸಿ ಅನುಭವಿಗಳ ಮುಂದೆ ಇಟ್ಟರು. ಯಾವುದು ಯಾವುದರದ್ದೆಂದು ಖಚಿತವಾಗಿ ಹೇಳಲು ಯಾರಿಗೂ ಆಗಲಿಲ್ಲ. ಮೆಗಾಪಿಕ್ಸೆಲ್ ವಿರೋಧಿಗಳು ಈ ಪ್ರಯೋಗವನ್ನು ಮರೆಯಲು ಇಷ್ಟಪಡುತ್ತಾರೆ. ನನ್ನ ವಾದಕ್ಕೆ ಮಾತ್ರ ಅದು ಅಡ್ಡಿಯಲ್ಲ. ಒಳ್ಳೆಯ ಬೆಳಕು, ಕನಿಷ್ಠ ಐಎಸ್‌ಒ, ದೊಡ್ಡ ಕಾಗದ ಇದ್ದಾಗ 14.7 ಮೆಗಾಪಿಕ್ಸೆಲ್ ಸಾರ್ಥಕ ಎಂದು ಅದು ತೋರಿಸಿತು, ತೋರಿಸಿದ್ದೂ ಕಣ್ಣಿನ ಮುಂದೆ ಪ್ರಿಂಟು ಇಟ್ಟೇ. ಅಂಕಿ ನೋಡಿದ್ದರೆ 39ರ ಎದುರು 14.7 ನಿಲ್ಲಬಾರದಿತ್ತು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಸೆನ್ಸರಿನ ವಿಸ್ತೀರ್ಣ ಒಂದೇ ಆಗಿದ್ದರೆ ಅದರ ಮೇಲೆ ಬೀಳುವ ಒಟ್ಟು ಬೆಳಕೂ ಒಂದೇ. ಹೆಚ್ಚು ಬಿಂದುಗಳ ಚಿತ್ರವನ್ನು ಕುಗ್ಗಿಸಿ ನೋಡಿದರೆ ಅದರ ನಾಯ್ಸ್ ಕಡಿಮೆ ಬಿಂದುಗಳ ಚಿತ್ರದಷ್ಟೇ ಕಾಣುತ್ತದೆ, ಹಾಗಾಗಿ ಮೆಗಾಪಿಕ್ಸೆಲ್ ಹೆಚ್ಚಿಸುವುದರಿಂದ ಚಿತ್ರ ಕೆಡುವುದಿಲ್ಲ ಎಂಬುದು. ಭೌತಶಾಸ್ತ್ರದ ಮಟ್ಟಿಗೆ ಇದು ಬಹುತೇಕ ಸರಿ, ಪೂರ್ಣ ಗಾತ್ರದ ತುಣುಕುಗಳನ್ನೇ ನೋಡಿ ತೀರ್ಪು ಕೊಡುತ್ತಿದ್ದವರು ಇದನ್ನು ಗಮನಿಸಲಿಲ್ಲ ಎಂಬುದೂ ನಿಜ. ಆದರೆ ಆ ಕಾಲದ ಕ್ಯಾಮೆರಾಗಳು ಕುಗ್ಗಿಸುವ ಮೊದಲೇ ನಾಯ್ಸ್ ಒರೆಸಲು ಹೋಗಿ ಜೆಪೆಗ್ ಚಿತ್ರದ ವಿವರವನ್ನೂ ಒರೆಸಿಬಿಡುತ್ತಿದ್ದವು. ಪ್ರತಿ ಬಿಂದುವನ್ನು ಓದುವಾಗಲೂ ಒಂದಿಷ್ಟು ನಾಯ್ಸ್ ಸೇರುತ್ತಿದ್ದರಿಂದ ಬಿಂದು ಹೆಚ್ಚಾದಷ್ಟೂ ಅದೂ ಹೆಚ್ಚುತ್ತಿತ್ತು. ಅದನ್ನೂ ಬಿಡೋಣ. ಮೆಗಾಪಿಕ್ಸೆಲ್ ಚಿತ್ರವನ್ನು ಕೆಡಿಸಿತು ಎಂಬುದಕ್ಕಿಂತ ದೊಡ್ಡ ದೂರು, ಒಳ್ಳೆಯ ಗಾಜಿಗೆ ಹೋಗಬೇಕಿದ್ದ ದುಡ್ಡನ್ನೂ ಜಾಗವನ್ನೂ ಅದು ತಿಂದಿತು ಎಂಬುದು. ಜಿ6ರಿಂದ ಜಿ7ಕ್ಕೆ ಬಂದಾಗ ಕಳೆದುಹೋದ ಎಫ್/2.0 ಆ ದೂರಿಗೆ ಆಧಾರ.

ಕ್ಯಾನನ್ ಇಂಥ ಕ್ಯಾಮೆರಾಗಳಿಗೆ ಸಿಸಿಡಿ ಸೆನ್ಸರನ್ನು ಹೊರಗಿನಿಂದ ಕೊಳ್ಳುತ್ತಿತ್ತು, ಸಿಕ್ಕಿದ್ದನ್ನು ಹಾಕಿತು ಅಷ್ಟೆ, ಗಿರಾಕಿಗಳ ಹೋಲಿಕೆಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಅದಕ್ಕೆ ಉತ್ತರ ಕ್ಯಾನನ್‌ನ ಅದೇ ವರ್ಷಗಳ ಪಟ್ಟಿಯಲ್ಲೇ ಇದೆ. 2010ರಲ್ಲಿ ಅದರ ದುಬಾರಿ ಜಿ12 10 ಮೆಗಾಪಿಕ್ಸೆಲ್‌ನಲ್ಲೇ ಉಳಿಯಿತು, ಅದರ ಅರ್ಧ ಬೆಲೆಯೂ ಇಲ್ಲದ ಇಕ್ಸಸ್ 130ರಲ್ಲಿ 14.1 ಇತ್ತು. ಒಂದೇ ಕಂಪನಿ, ಒಂದೇ ವರ್ಷ, ಹೆಚ್ಚು ದುಡ್ಡು ಕೊಟ್ಟವರಿಗೆ ಕಡಿಮೆ ಅಂಕಿ. ಸಿಗುವ ಸೆನ್ಸರಷ್ಟೇ ಕಾರಣವಾಗಿದ್ದರೆ ಈ ತಲೆಕೆಳಗಾದ ಕ್ರಮ ಬರುತ್ತಿರಲಿಲ್ಲ. ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಕೊಳ್ಳುವವರಿದ್ದ ವರ್ಗದಲ್ಲಿ ಅಂಕಿ ಇಳಿಯಿತು. ಪೆಟ್ಟಿಗೆ ನೋಡಿ ಕೊಳ್ಳುವವರಿದ್ದ ವರ್ಗದಲ್ಲಿ 14, 16 ಎಂದು ಅದು ಏರುತ್ತಲೇ ಹೋಯಿತು.

ಹಾಗೆಂದು ಬಲ್ಲವರ ಗುಂಪು ಅಂಕಿಯ ಮೋಹದಿಂದ ಪಾರಾಯಿತೆಂದು ತಿಳಿಯಬೇಕಾಗಿಲ್ಲ. ಮೆಗಾಪಿಕ್ಸೆಲ್ ಇಳಿದ ಪೀಠವನ್ನು ಲೆನ್ಸಿನ ಎಫ್ ಅಂಕಿ ಏರಿತು. ಸ್ಯಾಮ್‌ಸಂಗ್ 2010ರಲ್ಲಿ ಎಫ್/1.8 ತಂದಿತು, ಒಲಿಂಪಸ್ 2011ರಲ್ಲಿ ಅದನ್ನೇ ತಂದಿತು, 2012ರ ಪ್ಯಾನಸೋನಿಕ್ ಎಲ್‌ಎಕ್ಸ್7 ಎಫ್/1.4ಕ್ಕೆ ಹೋಯಿತು. ಇದು ಮೊದಲಿನದಕ್ಕಿಂತ ಉಪಯುಕ್ತವಾದ ಓಟ, ಆದರೂ ಓಟವೇ. ಅದೇ 2012ರಲ್ಲಿ ಸೋನಿ ಆರ್‌ಎಕ್ಸ್100 ತನ್ನ 116 ಚದರ ಮಿಲಿಮೀಟರಿನ ಸೆನ್ಸರಿನಿಂದ ಹೋಲಿಕೆಯ ನೆಲೆಯನ್ನೇ ಬದಲಿಸಿತು. ಜಿ10ರದ್ದು ಸುಮಾರು 43 ಚದರ ಮಿಲಿಮೀಟರ್. 20 ಮೆಗಾಪಿಕ್ಸೆಲ್‌ಗೆ ಮತ್ತೆ ಏರಿದರೂ ಈ ಸಲ ಯಾರೂ ದೂರಲಿಲ್ಲ, ಏರಲು ಜಾಗವಿತ್ತು. ಅಷ್ಟರಲ್ಲಿ ಮಾರುಕಟ್ಟೆಯೇ ಕಾಲಡಿಯಿಂದ ಸರಿಯುತ್ತಿತ್ತು. ಜಪಾನಿನ ಕ್ಯಾಮೆರಾ ಸಂಘ ಸಿಪಾದ ಲೆಕ್ಕದಂತೆ 2010ರಲ್ಲಿ ಲೆನ್ಸು ಬದಲಿಸಲಾಗದ ಡಿಜಿಟಲ್ ಕ್ಯಾಮೆರಾಗಳು 10 ಕೋಟಿಗೂ ಮೀರಿ ರವಾನೆಯಾಗಿದ್ದವು; 2023ರಲ್ಲಿ 20 ಲಕ್ಷವನ್ನೂ ಮುಟ್ಟಲಿಲ್ಲ. ಹಳೆಯ ಅಂಕಿಯೂ ಫೋನಿನ ಬೆನ್ನೇರಿ ಮರಳಿದೆ. 2020ರ ಸ್ಯಾಮ್‌ಸಂಗ್ ಎಸ್20 ಅಲ್ಟ್ರಾ 108 ಮೆಗಾಪಿಕ್ಸೆಲ್ ಎಂದು ಹೇಳಿಕೊಂಡು, ಒಂಬತ್ತು ಬಿಂದುಗಳನ್ನು ಒಂದಾಗಿ ಕೂಡಿಸಿ ಸಾಮಾನ್ಯವಾಗಿ 12 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತದೆ.

ಹಳೆಯ ಸಣ್ಣ ಕ್ಯಾಮೆರಾಗಳಿಗೆ ಈಗ ಮತ್ತೆ ಗಿರಾಕಿಗಳಿದ್ದಾರೆ, ಜಿ10, ಎಲ್‌ಎಕ್ಸ್3 ಎರಡೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಬೆಟ್ಟ, ಬಯಲು, ದೇವಸ್ಥಾನದ ಹೊರಗೋಡೆಯ ಕೆತ್ತನೆ ಹಗಲು ಹೊತ್ತಿನಲ್ಲಿ ತೆಗೆಯುವವರು, ದೂರದ್ದನ್ನು ಹತ್ತಿರ ಎಳೆಯಬೇಕೆನ್ನುವವರು ಜಿ10 ಕೊಳ್ಳಲಿ, ಐಎಸ್‌ಒ 80ರಲ್ಲಿ ಇಟ್ಟುಕೊಳ್ಳಲಿ. ಮನೆಯೊಳಗಿನ ಮನುಷ್ಯರನ್ನು ತೆಗೆಯುವವರಿಗೆ ಎಲ್‌ಎಕ್ಸ್3. ಯಾವುದನ್ನೇ ಕೊಂಡರೂ ದುಡ್ಡು ಕೊಡುವ ಮೊದಲು ಲೆನ್ಸು ಸರಿಯಾಗಿ ಹೊರಬಂದು ಒಳಹೋಗುತ್ತದೆಯೇ ನೋಡಿ, ಬ್ಯಾಟರಿ ಸಿಗುತ್ತದೆಯೇ ವಿಚಾರಿಸಿ, ನಿಮ್ಮದೇ ಕಾರ್ಡು ಹಾಕಿ ನಾಲ್ಕು ಚಿತ್ರ ತೆಗೆದು ಮನೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿಕೊಳ್ಳಿ.