ಒಕ್ಕಲು, ಗೇಣಿದಾರ, ಕಬ್ಜೆದಾರ: ನೆಲೆಸಿದವರ ಹೆಸರುಗಳ ಚರಿತ್ರೆ

ಕ್ರಿ.ಶ. ಸುಮಾರು 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಹಾಕಿಕೊಟ್ಟ. ಪೊರಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಊರಲ್ಲಿರುವವರಿಗೂ ಆಳುವವರಿಗೂ ನಡುವಿನ ಕಟ್ಟಳೆಯನ್ನು ಇಷ್ಟು ಬಿಡಿಸಿ ಹೇಳುವ ಶಾಸನ ಆ ಕಾಲಕ್ಕೆ ಅಪರೂಪ. ತೆರಿಗೆ ಬೀಳುವುದು ಒಬ್ಬೊಬ್ಬರ ಮೇಲಲ್ಲ, ಮನೆತನದ ಮೇಲೆ: ಉತ್ತಮ ಮನೆತನಕ್ಕೆ 10 ಪಣ, ಮಧ್ಯಮಕ್ಕೆ 7, ಅದಕ್ಕೂ ಕೆಳಗಿನದಕ್ಕೆ 5, ತೀರಾ ಕೆಳಗಿನದಕ್ಕೆ 3. ಜನ ವಾಸವಿಲ್ಲದ ಮನೆಗಳನ್ನೂ, ಅನುಭವಿಸುತ್ತ ಬಂದ ಸ್ವತ್ತನ್ನೂ ರಾಜಪುರುಷರು ಕಾಯಬೇಕೆಂಬ ಮಾತು ಅಲ್ಲಿದೆ. ನೆಲೆಸುವುದು ಬೇರೆ, ಅನುಭೋಗಿಸುವುದು ಬೇರೆ ಎಂಬ ವಿವೇಚನೆ ಎಂಟನೆಯ ಶತಮಾನಕ್ಕಾಗಲೇ ನಮ್ಮ ಊರಾಡಳಿತದಲ್ಲಿತ್ತು.

ಮನೆತನವನ್ನೇ ಎಣಿಕೆಯ ಘಟಕ ಮಾಡಿಕೊಂಡ ಈ ಕ್ರಮಕ್ಕೆ ಕನ್ನಡದ ಸ್ವಂತ ಪದ ಒಕ್ಕಲು. ಮಧ್ಯಕಾಲದ ಶಾಸನಗಳಲ್ಲಿ ‘ತೆಲ್ಲಿಗರೈವತ್ತೊಕ್ಕಲು’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗಾಣದ ಎಣ್ಣೆಯನ್ನು ದೇವರ ದೀಪಕ್ಕೆ ಬಿಟ್ಟುಕೊಡುವ ಗಾಣಿಗ ಸಮೂಹವದು. ಇಲ್ಲಿ ಒಕ್ಕಲು ಯಾರ ಅಧೀನದಲ್ಲೂ ಇಲ್ಲ. ಕೂಡಿ ದಾನ ಕೊಡುವ, ಕೂಡಿ ಮಾತಿಗೆ ನಿಲ್ಲುವ ಮನೆಗಳ ಗುಂಪು ಅದು.

ಈ ಹಳೆಯ ಅರ್ಥ ಇನ್ನೂ ಸತ್ತಿಲ್ಲ. ಕೊಡವರಲ್ಲಿ ಒಕ್ಕ ಎಂದರೆ ಒಂದು ಮೂಲದ ಮನೆತನ. ತುಳುನಾಡಿನಲ್ಲಿ ಹೊಸ ಮನೆ ಹೊಕ್ಕುವುದು ಒಕ್ಕಲು. ಒಂದು ದೇವರಿಗೆ ನಡೆದುಕೊಳ್ಳುವ ಕುಟುಂಬಗಳು ಆ ದೇವರ ಒಕ್ಕಲು. ಉತ್ತರ ಕರ್ನಾಟಕದಲ್ಲಿ ಬೇಸಾಯವೇ ಒಕ್ಕಲುತನ. ಆದರೆ ‘ಅವರು ನಮ್ಮ ಒಕ್ಕಲು’ ಎಂದು ಧಣಿ ಹೇಳಿದಾಗ ಪದ ತಲೆಕೆಳಗಾಗುತ್ತದೆ. ಆಗ ಅದು ಮತ್ತೊಬ್ಬರ ನೆಲದಲ್ಲಿ ಅವರ ಮರ್ಜಿಯಿಂದ ಇರುವವನ ಹೆಸರು. ಒಕ್ಕಲೆಬ್ಬಿಸುವುದು ಎಂಬ ಕ್ರಿಯಾಪದಕ್ಕೆ ಎಡೆಯಾದದ್ದೂ ಈ ಅರ್ಥದಿಂದಲೇ. ಈ ಇಳಿತಕ್ಕೆ ಭಾಷೆಯ ಸಹಜ ಸವೆತ ಕಾರಣವಲ್ಲ, ಭೂಸಂಬಂಧದ ಚರಿತ್ರೆ ಕಾರಣ ಎಂಬುದು ನನ್ನ ವಾದ.

ಕರಾವಳಿಯಲ್ಲಿ ಇದು ಬಹಳ ಸ್ಪಷ್ಟ. ಮೂಲಗೇಣಿಯವನು ಗೊತ್ತುಮಾಡಿದ ಗೇಣಿ ಕೊಡುತ್ತಿರುವವರೆಗೆ ತಲೆಮಾರುಗಟ್ಟಲೆ ಅಲುಗಬೇಕಾಗಿರಲಿಲ್ಲ. ಚಾಲಗೇಣಿಯವನನ್ನು ಒಡೆಯ ಬೇಡವೆಂದರೆ ಎಬ್ಬಿಸಬಹುದಿತ್ತು. ಒಂದೇ ಬೈಲಿನಲ್ಲಿ, ಒಂದೇ ಕೆಸರಿನಲ್ಲಿ ದುಡಿದ ಇಬ್ಬರ ಹಣೆಬರಹವನ್ನು ಗೇಣಿಚೀಟಿನ ಈ ಮಾತು ಬೇರೆಮಾಡುತ್ತಿತ್ತು. ಮಲೆನಾಡಿನಲ್ಲೂ ಗೇಣಿದಾರನ ಪಾಡು ಹಗುರವಾಗಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಎದ್ದ ಸತ್ಯಾಗ್ರಹಕ್ಕೆ ಗೇಣಿಭತ್ತ ಅಳೆಯುವ ಕೊಳಗದ ಗಾತ್ರವೂ ಒಂದು ಕಾರಣ. ಅಲ್ಲಿಗೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು; ಶಾಂತವೇರಿ ಗೋಪಾಲಗೌಡರ ರಾಜಕಾರಣಕ್ಕೆ ಆ ಹೋರಾಟ ಬುನಾದಿಯಾಯಿತು.

ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಏಳನೇ ನಮೂನೆಯ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಲ್ಲಿ ಗೆದ್ದ ಗೇಣಿದಾರ ‘ಅಧಿಭೋಗದಾರ’ನೆಂದು ನೋಂದಣಿಯಾದ. ಪೊರಿಗೆರೆಯ ಶಾಸನ ಕಾಯಹೊರಟಿದ್ದೂ ಅನುಭೋಗವನ್ನೇ. ಆದರೆ ಈ ಸಲ ಅದು ದಕ್ಕಿದ್ದು ಉಳುವವನಿಗೆ. ಕೃಷಿಯೇತರ ಮೂಲಗೇಣಿಯ ಪ್ರಶ್ನೆ ಮಾತ್ರ ಉಳಿದುಕೊಂಡು, ಮೂಲಗೇಣಿ ಹಾಗೂ ಒಳಮೂಲಗೇಣಿದಾರರಿಗಾಗಿ 2011ರಲ್ಲಿ ಪ್ರತ್ಯೇಕ ಕಾಯ್ದೆ ಬೇಕಾಯಿತು.

ಇಂದಿನ ಪಹಣಿಯನ್ನೇ ನೋಡಿ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರನ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರನದು. ಅರಬ್ಬಿ ಮೂಲದ ‘ಕಬ್ಜಾ’ ಇಲ್ಲಿ ಕಾನೂನುಬದ್ಧ ಸ್ವಾಧೀನ. ಬೀದಿಯಲ್ಲಿ ‘ಕೆರೆ ಕಬ್ಜಾ ಮಾಡಿದ’ ಎಂದರೆ ಒತ್ತುವರಿ. ಕಾಗದದಲ್ಲಿ ಹಕ್ಕಾದದ್ದು ಜನರ ಬಾಯಲ್ಲಿ ಅಪರಾಧವಾಗಿದೆ. ಕಂದಾಯದ ಪರಿಭಾಷೆಯ ಬಗ್ಗೆ ಜನರಿಗಿರುವ ಅಪನಂಬಿಕೆಗೆ ಇದಕ್ಕಿಂತ ಸಾಕ್ಷಿ ಬೇಡ.

ಯಾವ ಕಾಲಂನಲ್ಲೂ ಇಲ್ಲದವರು ಬಹಳ ಕಾಲ ಉಳಿದರು: ಲಂಬಾಣಿ ತಾಂಡಾದವರು, ಗೊಲ್ಲರಹಟ್ಟಿಯವರು, ಹಾಡಿಯವರು. ಕಡತಗಳು ಇವರ ಊರುಗಳನ್ನು ದಾಖಲೆರಹಿತ ಜನವಸತಿ ಎಂದವು. ‘ವಾಸಿಸುವವನೇ ಮನೆಯೊಡೆಯ’ ಎಂಬ ಘೋಷಣೆಯೊಂದಿಗೆ ಭೂಸುಧಾರಣಾ ಕಾಯ್ದೆಗೆ 38-ಎ ಪ್ರಕರಣ ಸೇರಿದ ಮೇಲೆ ಅವು ಕಂದಾಯ ಗ್ರಾಮಗಳಾಗತೊಡಗಿದವು. 2023ರ ಜನವರಿಯಲ್ಲಿ, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ, 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು.

ಆ ಪತ್ರಗಳಲ್ಲಿ ಇರುವುದು ಕಂದಾಯದ ಪದಗಳು. ತಾಂಡಾದ ನಾಯಕ, ಕಾರಭಾರಿ, ಹಟ್ಟಿಯ ಯಜಮಾನ, ಹಾಡಿಯ ಹಿರಿಯರು ತಮ್ಮ ನೆಲೆಯವರನ್ನೂ ಹೊರಗಿನವರನ್ನೂ ಕರೆಯುವ ಪದಗಳು ಕೋಶಗಳಿಗೆ ಇನ್ನೂ ಪೂರ್ತಿಯಾಗಿ ಸೇರಬೇಕಿದೆ. ಶಾಸನಗಳನ್ನು ಓದುವ ನಮ್ಮ ಸಂಶೋಧಕರು ಈ ಊರುಗಳಿಗೂ ಹೋಗಿ, ಆ ಪದಗಳನ್ನು ಬಳಸುವವರ ಬಾಯಿಂದಲೇ ಬರೆದುಕೊಳ್ಳಲಿ.