ಕಮಲಾಪುರಕ್ಕೆ ರೈಲು ತಡವಾಗಿ ಬಂದ ಕಥೆ

ಕಲಬುರಗಿಗೆ ರೈಲು ಬಂದು ನೂರೈವತ್ತು ವರ್ಷ ದಾಟಿದೆ. ಅಲ್ಲಿಂದ ನಲವತ್ತು ಕಿಲೋಮೀಟರಿನೊಳಗೇ ಇರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ರೈಲು ಬಂದದ್ದು 2017ರ ಅಕ್ಟೋಬರಿನಲ್ಲಿ. ಇಷ್ಟು ಹತ್ತಿರದ ಊರಿಗೆ ಇಷ್ಟು ತಡವೇಕಾಯಿತು? ಹಳಿಗಳನ್ನು ಯಾರು, ಯಾರಿಗಾಗಿ ಹಾಸಿದರು ಎಂಬಲ್ಲಿಂದಲೇ ಇದಕ್ಕೆ ಉತ್ತರ ಹುಡುಕಬೇಕು.

ಮುಂಬೈಯನ್ನು ಮದ್ರಾಸಿಗೆ ಜೋಡಿಸಲು ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಮುಂದೆ ಕಲಬುರಗಿ, ವಾಡಿಗಳ ಮೇಲೆ ಹಾದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಬಂದರಿಗೆ ಹತ್ತಿ ಸಾಗಬೇಕಿತ್ತು. ಟಪಾಲು, ಸೈನ್ಯ ಬೇಗ ತಲುಪಬೇಕಿತ್ತು. ಕಲಬುರಗಿ ಆ ದಾರಿಯಲ್ಲಿ ಸಿಕ್ಕ ಊರು, ಅಷ್ಟೇ.

ಈ ಮುಖ್ಯ ಮಾರ್ಗ ಹೈದರಾಬಾದನ್ನು ಮುಟ್ಟದೆ ಹೋಗಿತ್ತು. ಹಾಗಾಗಿ ನಿಜಾಮರ ಸಂಸ್ಥಾನಕ್ಕಾಗಿ ವಾಡಿಯಿಂದ ಸಿಕಂದರಾಬಾದಿಗೆ ಬೇರೆ ಮಾರ್ಗ ಹಾಸಲಾಯಿತು. 1874ರಲ್ಲಿ ಅದು ತೆರೆಯಿತು. ಬೀದರಿಗೆ ರೈಲು ಬಂದದ್ದು 1930ರ ಸುಮಾರಿಗೆ, ವಿಕಾರಾಬಾದಿನ ಕಡೆಯಿಂದ. ಹೀಗೆ ಒಂದು ಹಳಿ ಮುಂಬೈಗೆ ಮುಖ ಮಾಡಿತು, ಉಳಿದೆರಡು ಹೈದರಾಬಾದಿಗೆ. ಕಲಬುರಗಿ–ಬೀದರ್ ನಡುವೆ ಹಳಿ ಇರಲೇ ಇಲ್ಲ.

ಈ ಎರಡು ಊರುಗಳ ನಂಟು ರೈಲಿಗಿಂತ ಬಹಳ ಹಳೆಯದು. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿದ ಮೇಲೆ ಕಲಬುರಗಿ ಅದರ ರಾಜಧಾನಿಯಾಗಿತ್ತು. ಹದಿನೈದನೆಯ ಶತಮಾನದಲ್ಲಿ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಒಂದೇ ರಾಜ್ಯದ ಎರಡು ರಾಜಧಾನಿಗಳ ನಡುವೆ ರೈಲಿನಲ್ಲಿ ಹೋಗಬೇಕೆಂದರೆ ವಾಡಿ, ತಾಂಡೂರು, ವಿಕಾರಾಬಾದ್ ಸುತ್ತಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಪಯಣಿಸಬೇಕಿತ್ತು. ಜನ ಕಮಲಾಪುರ, ಹುಮನಾಬಾದ್ ಮೇಲಿನ ರಸ್ತೆಯನ್ನೇ ನಂಬಿಕೊಂಡರು. 1956ರಲ್ಲಿ ಎರಡೂ ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತು, ಹಳಿ ಇದ್ದಲ್ಲೇ ಇತ್ತು.

ಬೀದರ್–ಕಲಬುರಗಿ ಮಾರ್ಗ ಮಂಜೂರಾದದ್ದು 1997-98ರಲ್ಲಿ. ಉದ್ದ 110 ಕಿಲೋಮೀಟರ್, ಮೊದಲ ಅಂದಾಜು ಸುಮಾರು 370 ಕೋಟಿ ರೂಪಾಯಿ. ನೆಲ ಸುಲಭದ್ದಲ್ಲ. ಬೀದರ್ ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲಿದೆ. ಕಲಬುರಗಿ ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗೆ, ಕಪ್ಪು ಎರೆ ಭೂಮಿಯಲ್ಲಿದೆ. ಬಸ್ಸು ತಿರುವು ಹಾಕಿಕೊಂಡು ಇಳಿಜಾರು ಇಳಿದೀತು. ರೈಲಿಗೆ ಹದವಾದ ಇಳುಕಲೇ ಬೇಕು. ಅದಕ್ಕಾಗಿ ಕಮಲಾಪುರದ ಸೀಮೆಯ ಮರಗುತ್ತಿಯ ಹತ್ತಿರ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯಬೇಕಾಯಿತು. ಎರೆ ಮಣ್ಣಂತೂ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ; ಅದರ ಮೇಲೆ ಹಳಿ ನಿಲ್ಲಿಸುವುದು ತಾಳ್ಮೆಯ ಕೆಲಸ.

ಬೀದರ್ ಕಡೆಯಿಂದ ಹುಮನಾಬಾದಿನವರೆಗಿನ ಭಾಗ ಮೊದಲು ಸಿದ್ಧವಾಯಿತು. ಇಡೀ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ವೆಚ್ಚ ಸುಮಾರು 1,542 ಕೋಟಿಗೆ ಏರಿತ್ತು.

ತಡಕ್ಕೆ ನೆಲವೊಂದೇ ಕಾರಣವೇ? ಬೆಂಗಳೂರಿನ ‘ನಮ್ಮ ಮೆಟ್ರೋ’ವನ್ನು ಪಕ್ಕದಲ್ಲಿಟ್ಟು ನೋಡೋಣ. ಅದರ ಶಂಕುಸ್ಥಾಪನೆ 2006ರಲ್ಲಿ. 2011ರಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಮೊದಲ ರೈಲು ಓಡಿತು. 2017ರ ಜೂನ್‌ನಲ್ಲಿ ಸುಮಾರು 42 ಕಿಲೋಮೀಟರಿನ ಮೊದಲ ಹಂತ ಪೂರ್ತಿಯಾಯಿತು. ನಗರದ ನಡುವೆ, ಮನೆ-ಅಂಗಡಿಗಳ ಕೆಳಗೆ ಸುರಂಗ ಕೊರೆದು ಮಾಡಿದ ಆ ಕೆಲಸಕ್ಕೂ ಗಡುವು ಹಲವು ಸಲ ಮೀರಿತ್ತು, ಬೀದರ್ ಮಾರ್ಗಕ್ಕಿಂತ ಹಲವು ಪಟ್ಟು ಹಣ ಬೇಕಾಯಿತು. ಆದರೂ ಎಂಟು-ಒಂಬತ್ತು ವರ್ಷ ಹಿಂದೆ ಮಂಜೂರಾದ ಮಾರ್ಗಕ್ಕಿಂತ ಅದು ನಾಲ್ಕು ತಿಂಗಳು ಮೊದಲೇ ಮುಗಿಯಿತು. ರಾಜಧಾನಿಯ ಕೆಲಸಕ್ಕೆ ವರ್ಷವರ್ಷ ದೊಡ್ಡ ಮೊತ್ತ ಸಿಗುತ್ತದೆ, ಕೇಳುವ ದನಿಯೂ ಜೋರು. ದೂರದ ಜಿಲ್ಲೆಯ ಕೆಲಸ ಬಜೆಟ್ಟಿನಿಂದ ಬಜೆಟ್ಟಿಗೆ ಕಾಯುತ್ತದೆ.

ಹಳಿ ಬಂದ ಮೇಲೂ ಕಾಯುವುದು ಮುಗಿದಿಲ್ಲ. ಕಲಬುರಗಿ ಇರುವುದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ, ಬೀದರ್ ಇರುವುದು ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿ. ನಮ್ಮ ರೈಲಿನ ವೇಳೆ ಕೇಳಲು ಎರಡು ಹೊರ ಊರುಗಳ ಬಾಗಿಲು ತಟ್ಟಬೇಕು. ಕಲಬುರಗಿಗೆ ತನ್ನದೇ ವಿಭಾಗ ಎಂದು 2014ರಲ್ಲಿ ಘೋಷಣೆಯಾಯಿತು. ಅದು ಕಾರ್ಯರೂಪಕ್ಕೆ ಬರದೆ ವರ್ಷಗಳು ಉರುಳಿವೆ.

ಮೆಟ್ರೋದ ನಿಜವಾದ ಬಲ ಅದರ ಗಾಜಿನ ಬಾಗಿಲುಗಳಲ್ಲಿಲ್ಲ; ಒಂದು ರೈಲು ತಪ್ಪಿದರೆ ಇನ್ನೊಂದು ಬರುತ್ತದೆಂಬ ಭರವಸೆಯಲ್ಲಿದೆ. ಕಮಲಾಪುರದ ಹುಡುಗಿಗೆ ಐದು ನಿಮಿಷಕ್ಕೊಂದು ರೈಲು ಬೇಡ. ಕಾಲೇಜಿನ ಗಂಟೆಗೆ ಮುಂಚೆ ಕಲಬುರಗಿ ಮುಟ್ಟಿಸುವುದೊಂದು, ಸಂಜೆ ಕತ್ತಲಾಗುವ ಮುಂಚೆ ಊರಿಗೆ ತರುವುದೊಂದು ಇದ್ದರೆ ಸಾಕು. 1871ರ ಹಳಿಗೆ ದೂರದ ಬಂದರುಗಳೇ ಗುರಿಯಾಗಿದ್ದವು. 2017ರ ಹಳಿಯನ್ನು ಕೇಳಿ ಪಡೆದದ್ದು ಇಲ್ಲಿನ ಜನ. ಅದರ ವೇಳಾಪಟ್ಟಿಯೂ ಇಲ್ಲಿನ ಬೆಳಗು-ಬೈಗಿಗೆ ಹೊಂದಿಕೊಂಡ ದಿನವೇ ಅದು ಅವರದಾಗುತ್ತದೆ.