ಬಸ್ರಾದ ಸ್ಮಾರಕವೂ ಗೋಕಾಕ ಸೀಮೆಯ ಸಿಪಾಯಿಗಳೂ

ಕಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲಿನಲ್ಲಿ ಬರೆಯಿಸುವ ಪದ್ಧತಿ ಕನ್ನಡನಾಡಿನಲ್ಲಿ ಬಹು ಪುರಾತನವಾದುದು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಮುಂತಾದ ಸಂದರ್ಭಗಳಲ್ಲಿ ಸತ್ತ ಸಾಮಾನ್ಯನಿಗೂ ವೀರಗಲ್ಲು ನಿಂತಿತು. ಶಾಸನವುಳ್ಳ ಕಲ್ಲುಗಳಲ್ಲಿ ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಾದಿದ ಕಾರಣ ಇವು ಹಲವೆಡೆ ದೊರೆಯುತ್ತವೆ. ಕ್ರಿ. ಶ. 949-50ರ ಆತಕೂರಿನ ಕಲ್ಲಿನಲ್ಲಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ಹೆಸರು ಕೂಡ ಉಳಿದುಬಂದಿದೆ. ಇಂತಹ ನಾಡಿನಿಂದ ಹೊರಟು ಪರದೇಶದಲ್ಲಿ ಮಡಿದ ತರುಣರಿಗೆ ಇಪ್ಪತ್ತನೆಯ ಶತಮಾನದಲ್ಲಿ ದೊರೆತ ಸ್ಮಾರಕ ಎಂತಹುದೆಂಬುದು ವಿಚಾರಾರ್ಹವಾಗಿದೆ.

1914-18ರ ಮಹಾಯುದ್ಧದಲ್ಲಿ ಭಾರತೀಯರಿಗೆ ಕಡ್ಡಾಯ ಸೈನ್ಯಸೇವೆಯ ಕಾಯಿದೆ ಇರಲಿಲ್ಲ. ದಂಡಿಗೆ ಸೇರಿದವರೆಲ್ಲರೂ ಸ್ವೇಚ್ಛೆಯಿಂದ ಸೇರಿದವರೆಂದೇ ಎಣಿಕೆ. ಆ ಸ್ವೇಚ್ಛೆಯಲ್ಲಿ ಸಂಬಳದ ಆಶೆ, ಮನೆತನದ ವಾಡಿಕೆ, ಅಧಿಕಾರಿಗಳ ಒತ್ತಾಯ ಇವು ಎಷ್ಟೆಷ್ಟು ಬೆರೆತಿದ್ದುವೋ! ಗೋಕಾಕ ಹುಕ್ಕೇರಿಗಳ ಸೀಮೆ ಆಗ ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯಲ್ಲಿತ್ತು. ಇಂದು ತಾನೇ ತಾಲ್ಲೂಕಾಗಿರುವ ಮೂಡಲಗಿ ಗೋಕಾಕ ತಾಲ್ಲೂಕಿಗೆ ಸೇರಿತ್ತು. ಮರಾಠಾ ಪಲ್ಟಣಗಳಿಗೆ ಜನರನ್ನು ಆರಿಸಿಕೊಳ್ಳುತ್ತಿದ್ದ ಪ್ರದೇಶಗಳಲ್ಲಿ ಬೆಳಗಾವಿ ಜಿಲ್ಲೆಯೂ ಒಂದು. 103, 110, 117ನೆಯ ಮರಾಠಾ ಪಲ್ಟಣಗಳು ಆರನೆಯ ಡಿವಿಜನ್ನಿನೊಡನೆ ಮೆಸೊಪೊಟೇಮಿಯಾಕ್ಕೆ, ಎಂದರೆ ಇಂದಿನ ಇರಾಕಕ್ಕೆ, ಹೋದುವು. 1915ರ ನವೆಂಬರಿನಲ್ಲಿ ಟೆಸಿಫಾನ್ ಎಂಬಲ್ಲಿ ಅಪಾರ ನಷ್ಟವನ್ನನುಭವಿಸಿ ಹಿಂದಿರುಗಿದ ಈ ಸೈನ್ಯವನ್ನು ಟೈಗ್ರಿಸ್ ದಂಡೆಯ ಕೂಟ್ ಪಟ್ಟಣದಲ್ಲಿ ತುರ್ಕರು ಡಿಸೆಂಬರ್ 7ರಂದು ಮುತ್ತಿದರು. ಧಾನ್ಯ ಮುಗಿಯುತ್ತ ಬಂತು. ಕುದುರೆಯ ಮಾಂಸವನ್ನು ತಿನ್ನಲು ಭಾರತೀಯ ಸಿಪಾಯಿಗಳಲ್ಲಿ ಅನೇಕರು ಬಹುಕಾಲ ಒಪ್ಪಲಿಲ್ಲ. ರೋಗವೂ ನಿಶ್ಶಕ್ತಿಯೂ ಅವರನ್ನು ಹಣ್ಣುಮಾಡಿದುವು. 1916ನೆಯ ಏಪ್ರಿಲ್ 29ರಂದು ಸುಮಾರು 13,000 ಜನರು ಶರಣಾದರು. ಸೆರೆಯ ದಾರಿಯಲ್ಲಿ, ಮರುಭೂಮಿಯಲ್ಲಿ ಸತ್ತವರು ಬಹು ಮಂದಿ. ಘಟಪ್ರಭೆಯ ದಂಡೆಯ ಹುಡುಗನಿಗೆ ಆ ನೆಲದಲ್ಲಿ ಗೋರಿಯೂ ಇಲ್ಲ, ಚಿತೆಯ ಗುರುತೂ ಇಲ್ಲ.

ಹೀಗೆ ಸಮಾಧಿ ತಿಳಿಯದವರಿಗಾಗಿ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವು ಬಸ್ರಾದಲ್ಲಿ ಕಟ್ಟಿಸಿದ ಸ್ಮಾರಕ 1929ರಲ್ಲಿ ಅನಾವರಣಗೊಂಡಿತು. ಅದು 40,000ಕ್ಕೂ ಹೆಚ್ಚು ಜನರ ನೆನಪಿಗೆ ನಿಂತುದು. ಆದರೆ ಭಾರತೀಯರಲ್ಲಿ ಅಧಿಕಾರಿಗಳ ಹೆಸರುಗಳನ್ನು ಮಾತ್ರ ಅಲ್ಲಿ ಕೊರೆದರು. ಸಾಮಾನ್ಯ ಸಿಪಾಯಿಗಳನ್ನು ಆಯಾ ಪಲ್ಟಣದ ಕೆಳಗೆ ಸಂಖ್ಯೆಯಿಂದ ಸೂಚಿಸಿ ಬಿಟ್ಟರು. ಕಲ್ಲಿನ ಕೊರತೆ ಇದಕ್ಕೆ ಕಾರಣವಲ್ಲ. ಅದೇ ಆಯೋಗವು 1927ರಲ್ಲಿ ಫ್ರಾನ್ಸಿನ ನ್ಯೂವ್ ಶಾಪೆಲಿನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಬರೆಯಿಸಿದ್ದಿತು. ಒಂದೇ ಊರಿನ ಇಬ್ಬರಲ್ಲಿ ಯೂರೋಪಿನಲ್ಲಿ ಸತ್ತವನಿಗೆ ಹೆಸರು, ಇರಾಕದಲ್ಲಿ ಸತ್ತವನಿಗೆ ಅಂಕೆ! ಈ ಭೇದವನ್ನು ಆಯೋಗವೇ 2021ರ ವರದಿಯಲ್ಲಿ ಒಪ್ಪಿ ಕ್ಷಮೆ ಕೋರಿತು.

ಕಲ್ಲು ಬಿಟ್ಟುದನ್ನು ಕಾಗದ ಬಿಟ್ಟಿಲ್ಲ. ಆಯೋಗದ ದಾಖಲೆಗಳಲ್ಲಿ ಸಿಪಾಯಿಯ ಹೆಸರಿನೊಡನೆ ತಂದೆಯ ಹೆಸರು, ಗ್ರಾಮ, ತಾಲ್ಲೂಕು, ಜಿಲ್ಲೆ ಇವೂ ಅನೇಕ ಕಡೆ ಬರೆದಿವೆ. ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಊರುಗಳ ಹೆಸರು ಕೆಟ್ಟಿರುವುದರಿಂದ ಅವುಗಳನ್ನು ಗುರುತಿಸಲು ಈ ಸೀಮೆಯ ಹಳ್ಳಿಗಳನ್ನು ಬಲ್ಲವರೇ ಬೇಕು.